ಮೂರು ತಲೆಮಾರಿನ ದಾಖಲೆ ಕೇಳುವ ಕಾಲದಲ್ಲಿ

ವಿದೇಶಕ್ಕೆ ದುಡಿಯಲು ಹೋದವರ ಬಗ್ಗೆ ಊರಿನಲ್ಲಿ ನಡೆಯುವ ಮಾತುಕತೆ ಬಹುಮಟ್ಟಿಗೆ ಹಣದ ಸುತ್ತಲೇ ಇರುತ್ತದೆ. ಸಂಬಳ ಎಷ್ಟು, ಏಜೆಂಟನಿಗೆ ಕೊಟ್ಟದ್ದೆಷ್ಟು, ಸಾಲ ತೀರಲು ಇನ್ನೆಷ್ಟು ತಿಂಗಳು ಬೇಕು, ಮನೆಗೆ ತಾರಸಿ ಹಾಕಿಸಿದ್ದಾಯಿತೇ ಎಂಬ ಪ್ರಶ್ನೆಗಳ ಆಚೆಗೆ ಆ ಮಾತು ಹೋಗುವುದು ಅಪರೂಪ. ಆದರೆ ಕೊಲ್ಲಿ ರಾಷ್ಟ್ರಗಳನ್ನು ನಂಬಿಕೊಂಡ ಅನೇಕ ಬಡ ಕುಟುಂಬಗಳಲ್ಲಿ ಹಣದ ಜೊತೆಗೆ ಇನ್ನೊಂದು ಸಂಗತಿಯೂ ತಲೆಮಾರಿನಿಂದ ತಲೆಮಾರಿಗೆ ದಾಟುತ್ತಿರುತ್ತದೆ. ಅನುಭವಿಸಿದ ಅವಮಾನವನ್ನು, ಭಯವನ್ನು, ನಷ್ಟವನ್ನು ಬಾಯಿಬಿಟ್ಟು ಹೇಳದಿರುವ ಅಭ್ಯಾಸವೇ ಅದು. ಹೇಳದಿದ್ದರೆ ಮರೆತುಹೋಗುತ್ತದೆ ಎಂಬ ನಂಬಿಕೆ ಅದರ ಬೆನ್ನಿಗಿರುತ್ತದೆ. ಮರೆಯುವುದಿಲ್ಲ ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ಸಮುದಾಯದ ಸಾಕ್ಷ್ಯವಿದೆ. ಆ ಸಾಕ್ಷ್ಯದ ಇನ್ನೊಂದು ತುದಿ ನಾನೀಗ ವಾಸವಾಗಿರುವ ಕತಾರ್‌ನಲ್ಲಿದೆ.

ದೋಹಾ ನಗರದ ಕೈಗಾರಿಕಾ ಪ್ರದೇಶದ ಕಡೆಗಿರುವ ಬರ್ವಾ ಅಲ್ ಬರಾಹಾ ಕಾರ್ಮಿಕರಿಗಾಗಿಯೇ ಕಟ್ಟಿದ ವಸತಿ ಸಮುಚ್ಚಯ. ಹತ್ತಾರು ಸಾವಿರ ಮಂದಿ ತಂಗಬಲ್ಲ, ಒಂದರಂತೆ ಇನ್ನೊಂದು ಕಾಣುವ ಕಟ್ಟಡಗಳ ಸಾಲು. ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಕೆನ್ಯಾ, ಉಗಾಂಡಾ ಹಾಗೂ ಭಾರತದ ನಾನಾ ರಾಜ್ಯಗಳಿಂದ ಬಂದವರು ಇಲ್ಲಿ ಕೋಣೆ ಹಂಚಿಕೊಂಡಿದ್ದಾರೆ. ಕರಾವಳಿಯವರು ಮಾತ್ರ ಕೊಲ್ಲಿಗೆ ಬರುತ್ತಾರೆ ಎಂಬ ಹಳೆಯ ಗ್ರಹಿಕೆ ಇಲ್ಲಿ ನಿಲ್ಲುವುದಿಲ್ಲ. ವಿಜಯಪುರ, ಕಲಬುರಗಿ, ಕೊಪ್ಪಳಗಳ ಕನ್ನಡವೂ ಇಲ್ಲಿ ಕಿವಿಗೆ ಬೀಳುತ್ತದೆ. ಕಾಗದಪತ್ರಗಳ ವಿಷಯದಲ್ಲಿ ಕನ್ನಡಿಗರಿಗೆ ಕೈಲಾದ ನೆರವು ನೀಡುವ ಸಲುವಾಗಿ ಶುಕ್ರವಾರಗಳಂದು ಅಲ್ಲಿಗೆ ಹೋಗುವುದು ನನ್ನ ರೂಢಿ. ಅಲ್ಲಿ ಪರಿಚಯವಾದ ಒಬ್ಬ ಯುವಕನಿಂದ ಈ ಲೇಖನದ ವಿಚಾರ ಮೊಳೆಯಿತು.

ಆತ ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದವನು. ಆಫ್ರಿಕಾದ ಕಾವಲುಗಾರರು ಅವನನ್ನು ಕಂಡರೆ ಸ್ವಾಹಿಲಿಯಲ್ಲಿ ಮಾತಿಗೆ ತೊಡಗುತ್ತಾರೆ. ಅವನು ನಕ್ಕು ಹಿಂದಿಯಲ್ಲಿ ಉತ್ತರಿಸುತ್ತಾನೆ. "ಅವರು ತಮ್ಮಾ ಅಂತ ಕರೀತಾರೆ. ನಮ್ಮ ಕಡೆಯವರೇ ಯಾವ ದೇಶ ಅಂತ ಕೇಳ್ತಾರೆ ಸರ್" ಎಂದು ಒಮ್ಮೆ ಹೇಳಿದ. ಹಿರಿಯರು ಎಲ್ಲಿಂದ ಬಂದರೆಂದು ಮನೆಯಲ್ಲಿ ಹೇಳುತ್ತಿದ್ದರೇ ಎಂದು ಕೇಳಿದೆ. "ಅಜ್ಜಿಗೆ ಗೊತ್ತಿತ್ತೇನೋ. ಹಳೇದು ಕೇಳಿದ್ರೆ ಸುಮ್ನಿರು ಅಂತಿದ್ಲು" ಎಂಬುದಷ್ಟೇ ಅವನ ಉತ್ತರ. ಹಿಂದಿನ ಕಂಪನಿಯಲ್ಲಿ ಎರಡು ತಿಂಗಳು ಸಂಬಳ ತಡವಾದಾಗ ಊರಿನ ತಾಯಿಗೆ ಅವನು ಆ ವಿಷಯ ತಿಳಿಸಿರಲಿಲ್ಲ. ಗೆಳೆಯನಿಂದ ಕೈಗಡ ಪಡೆದು ಎಂದಿನಂತೆ ಹಣ ಕಳುಹಿಸಿದ್ದ. ಅಜ್ಜಿಯ 'ಸುಮ್ನಿರು' ಎಂಬ ಮಾತಿಗೂ ಮೊಮ್ಮಗನ ಈ ನಡೆಗೂ ಇರುವ ನಂಟನ್ನು ಅರಿಯಲು ಇತಿಹಾಸದತ್ತ ಹೊರಳಬೇಕು.

ಒಂದೇ ಸಮುದ್ರದ ಎರಡು ದಡ

ಕರ್ನಾಟಕದ ಸಿದ್ದಿಗಳ ಪೂರ್ವಜರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾದಿಂದ, ಮುಖ್ಯವಾಗಿ ಪೋರ್ಚುಗೀಸರ ಹಿಡಿತದಲ್ಲಿದ್ದ ಮೊಜಾಂಬಿಕ್‌ನಿಂದ, ಗುಲಾಮರಾಗಿ ಗೋವಾಕ್ಕೆ ತರಲ್ಪಟ್ಟವರು. 16ನೇ ಶತಮಾನದಿಂದ 19ನೇ ಶತಮಾನದವರೆಗೂ ಈ ಸಾಗಾಟ ನಡೆದಿತ್ತು. ಒಡೆಯರ ಮನೆಗಳಿಂದ ತಪ್ಪಿಸಿಕೊಂಡವರು ಮತ್ತು ಬಿಡುಗಡೆ ಹೊಂದಿದವರು ಘಟ್ಟದ ಕಾಡುಗಳನ್ನು ಸೇರಿ ಇಂದಿನ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಜೋಯಿಡಾ ತಾಲ್ಲೂಕುಗಳಲ್ಲಿ ನೆಲೆ ಕಂಡರು. ಗಡಿ ದಾಟುವುದಕ್ಕೆ ಕಾನೂನಿನ ಅರ್ಥವೂ ಇತ್ತು. ಬ್ರಿಟಿಷ್ ಭಾರತದಲ್ಲಿ 1843ರ ಕಾಯ್ದೆಯ ನಂತರ ಯಾರ ಮೇಲಾದರೂ ಗುಲಾಮನೆಂಬ ಹಕ್ಕು ಸಾಧಿಸಲು ನ್ಯಾಯಾಲಯಗಳು ಅವಕಾಶ ಕೊಡುತ್ತಿರಲಿಲ್ಲ. ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಪೂರ್ತಿಯಾಗಿ ರದ್ದುಪಡಿಸುವ ಆಜ್ಞೆ ಹೊರಡಿಸಿದ್ದು 1869ರಲ್ಲಿ. ನಡುವಿನ ಆ ಕಾಲದಲ್ಲಿ ಗೋವೆಯ ಗಡಿಯಿಂದ ಕೆಲವೇ ಹರದಾರಿ ದೂರದ ಕಾಡೆಂದರೆ ಸ್ವಾತಂತ್ರ್ಯವೇ ಆಗಿತ್ತು.

ಅದೇ ಹಿಂದೂ ಮಹಾಸಾಗರದ ಇನ್ನೊಂದು ದಡದಲ್ಲಿ, ಪೂರ್ವ ಆಫ್ರಿಕಾದ ಕರಾವಳಿಯಿಂದಲೇ ಒಯ್ದ ಜನರು ಕೊಲ್ಲಿಯ ಮುತ್ತಿನ ದೋಣಿಗಳಲ್ಲೂ ಮನೆಗಳಲ್ಲೂ ದುಡಿದರು. ಕತಾರ್‌ನಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1952ರಲ್ಲಿ. ಆಗ ಒಡೆಯರಿಗೆ ಪರಿಹಾರವನ್ನೂ ನೀಡಲಾಯಿತು. ಈ ನಾಡಿನಲ್ಲಿ ಅಂದು ಚಲಾವಣೆಯಲ್ಲಿದ್ದ ನಾಣ್ಯ ಭಾರತದ ರೂಪಾಯಿ, ಇಲ್ಲಿನ ಮುತ್ತಿನ ದೊಡ್ಡ ಮಾರುಕಟ್ಟೆ ಮುಂಬಯಿ ಎಂಬುದನ್ನು ನೆನೆದರೆ ಎರಡು ದಡಗಳ ನಂಟು ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ. ದೋಹಾದ ಮುಶೇರಿಬ್‌ನಲ್ಲಿ 2015ರಲ್ಲಿ ತೆರೆದ 'ಬಿನ್ ಜೆಲ್ಮೂದ್ ಹೌಸ್' ವಸ್ತುಸಂಗ್ರಹಾಲಯ ಹಿಂದೆ ಗುಲಾಮರ ವ್ಯಾಪಾರಿಯೊಬ್ಬನ ಮನೆಯಾಗಿತ್ತು. ಹಿಂದೂ ಮಹಾಸಾಗರದ ಗುಲಾಮ ವ್ಯಾಪಾರದ ಕಥನವನ್ನು ಅಲ್ಲಿ ಕ್ರಮವಾಗಿ ನಿರೂಪಿಸಲಾಗಿದೆ. ಇಂದಿನ ಜಗತ್ತಿನ ಮಾನವ ಶೋಷಣೆಗೂ ಅಲ್ಲಿ ಸ್ಥಳವಿದೆ. ತನ್ನ ನೆಲದ ಇಂಥ ಅಧ್ಯಾಯವನ್ನು ಸಾರ್ವಜನಿಕವಾಗಿ ತೆರೆದಿಟ್ಟ ಸಂಸ್ಥೆಗಳು ಈ ಪ್ರದೇಶದಲ್ಲಿ ವಿರಳ. ದೋಹಾಕ್ಕೆ ಬರುವ ಕನ್ನಡಿಗರು ನೋಡಲೇಬೇಕಾದ ಜಾಗವಿದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಇಂದಿನ ವಲಸೆ ದುಡಿಮೆಯನ್ನೂ ಅಂದಿನ ಗುಲಾಮಗಿರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಇಂದು ಬರುವವನಿಗೆ ಕರಾರು ಇದೆ, ಸಂಬಳವಿದೆ, ಮರಳುವ ದಾರಿಯಿದೆ. ಹೆಚ್ಚಿನವರು ತಾವಾಗಿ ಬಯಸಿ ಬಂದವರು. ನಾನು ಹೋಲಿಸುತ್ತಿರುವುದು ಸಂಕಟಗಳ ಪ್ರಮಾಣವನ್ನಲ್ಲ. ಒಂದು ತಲೆಮಾರಿನ ಸಂಕಟ ಮುಂದಿನ ತಲೆಮಾರಿನ ಬಾಳನ್ನು ಯಾವ ದಾರಿಯಿಂದ ಹೊಗುತ್ತದೆ ಎಂಬುದಷ್ಟೇ ನನ್ನ ಕುತೂಹಲ.

ನೋವು ದಾಟುವ ದಾರಿ

ಈ ವಿಷಯದ ಬಗ್ಗೆ ಜಗತ್ತಿನಲ್ಲಿ ಹೆಚ್ಚು ಚರ್ಚೆ ನಡೆದಿರುವುದು ಉತ್ತರ ಅಮೆರಿಕದ ಮೂಲನಿವಾಸಿಗಳ ಸಂದರ್ಭದಲ್ಲಿ. ಮಹಾ ಸರೋವರಗಳ ಸುತ್ತಲಿನ ಒಜಿಬ್ವೆ ಜನಾಂಗ ಅವರಲ್ಲೊಂದು. ಕೆನಡಾದಲ್ಲಿ 19ನೇ ಶತಮಾನದ ಕೊನೆಯಿಂದ 1990ರ ದಶಕದವರೆಗೆ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಮನೆಗಳಿಂದ ಬೇರ್ಪಡಿಸಿ, ಸರ್ಕಾರದ ಹಣದಲ್ಲಿ ಚರ್ಚುಗಳು ನಡೆಸುತ್ತಿದ್ದ ವಸತಿ ಶಾಲೆಗಳಲ್ಲಿ ಇರಿಸಲಾಯಿತು. ಮಕ್ಕಳು ತಮ್ಮ ಭಾಷೆ ಆಡಿದರೆ ಶಿಕ್ಷೆಯಾಗುತ್ತಿತ್ತು. 1966ರ ಅಕ್ಟೋಬರ್‌ನಲ್ಲಿ ಚಾನಿ ವೆಂಜಾಕ್ ಎಂಬ 12 ವರ್ಷದ ಒಜಿಬ್ವೆ ಹುಡುಗ ಅಂಥ ಶಾಲೆಯಿಂದ ತಪ್ಪಿಸಿಕೊಂಡು, ನೂರಾರು ಕಿಲೋಮೀಟರ್ ದೂರದ ಮನೆಯತ್ತ ರೈಲು ಹಳಿಯ ಗುಂಟ ನಡೆಯುತ್ತ ಚಳಿಗೆ ಸಿಕ್ಕಿ ಸತ್ತ. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೋರಿದ್ದು 2008ರ ಜೂನ್ 11ರಂದು. ಸತ್ಯ ಮತ್ತು ಸಾಮರಸ್ಯ ಆಯೋಗವು ಸಾವಿರಾರು ಸಂತ್ರಸ್ತರ ಹೇಳಿಕೆಗಳನ್ನು ದಾಖಲಿಸಿಕೊಂಡು 2015ರಲ್ಲಿ 94 ಶಿಫಾರಸುಗಳನ್ನು ಮುಂದಿಟ್ಟಿತು.

ಒಜಿಬ್ವೆ ಲೇಖಕ ರಿಚರ್ಡ್ ವಾಗಮೀಸ್ (1955-2017) ಅವರ ಕುಟುಂಬ ಈ ಚರ್ಚೆಗೆ ಸ್ಪಷ್ಟವಾದ ನಿದರ್ಶನ. ಅವರು ಸ್ವತಃ ವಸತಿ ಶಾಲೆಗೆ ಹೋದವರಲ್ಲ. ಹೋದವರು ಅವರ ಹಿರಿಯರು. ಆ ಶಾಲೆಗಳು ಹಿರಿಯರಿಂದ ಕಿತ್ತುಕೊಂಡ ವಸ್ತುಗಳಲ್ಲಿ ಮಕ್ಕಳನ್ನು ಸಾಕುವ ಬಗೆಯೂ ಒಂದಾಗಿತ್ತು. ಚಿಕ್ಕಂದಿನಲ್ಲೇ ಕುಟುಂಬದಿಂದ ಬೇರ್ಪಟ್ಟು ಪರರ ಮನೆಗಳಲ್ಲಿ ಬೆಳೆದ ವಾಗಮೀಸ್ ತಮ್ಮವರನ್ನು ಮತ್ತೆ ಕಂಡದ್ದು ಇಪ್ಪತ್ತರ ಹರೆಯದಲ್ಲಿ. ತಾನು ಕಾಣದ ಶಾಲೆಯೊಂದು ತನ್ನ ಬಾಲ್ಯವನ್ನು ಹೇಗೆ ರೂಪಿಸಿತೆಂಬುದನ್ನು ಬರೆಯುತ್ತ ಅವರು ಬರಹಗಾರರಾದರು. ವಸತಿ ಶಾಲೆಯ ಹುಡುಗನೊಬ್ಬನ ಕಥೆಯಾದ 'ಇಂಡಿಯನ್ ಹಾರ್ಸ್' ಕಾದಂಬರಿ 2012ರಲ್ಲಿ ಪ್ರಕಟವಾಯಿತು. ಇಂದು ಕೆನಡಾಕ್ಕೆ ಹೋಗಬಯಸುವ ನಮ್ಮ ಯುವಜನ ಕಾಲಿಡುವುದು ಇಂಥ ಕುಟುಂಬಗಳ ನೆಲಕ್ಕೇ.

ನೋವು ರಕ್ತದಲ್ಲೇ ಹರಿದುಬರುತ್ತದೆ ಎಂಬ ಮಾತು ಈಚೆಗೆ ಜನಪ್ರಿಯವಾಗಿದೆ. ನಾಜಿ ಹತ್ಯಾಕಾಂಡದಿಂದ ಬದುಕುಳಿದವರ ಮಕ್ಕಳ ಬಗ್ಗೆ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆ ನಂಬಿಕೆಗೆ ಇಂಬು ನೀಡಿತು. ಆದರೆ ಅಲ್ಲಿ ಪರೀಕ್ಷೆಗೆ ಒಳಗಾದವರ ಸಂಖ್ಯೆ ಚಿಕ್ಕದು, ಅದರ ತೀರ್ಮಾನಗಳ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಸಿದ್ದಿಗಳ ವಂಶವಾಹಿಗಳನ್ನು ಕುರಿತ 2011ರ ಸಂಶೋಧನೆಯೊಂದು ಅವರ ಮೂಲದಲ್ಲಿ ಆಫ್ರಿಕಾದ ಬಂಟು ಜನರ ಪಾಲು ಅಧಿಕವೆಂದೂ, ಸ್ಥಳೀಯರೊಡನೆ ಬೆರಕೆ ಕಳೆದ 200 ವರ್ಷಗಳ ಆಸುಪಾಸಿನದೆಂದೂ ತೋರಿಸಿತು. ರಕ್ತ ಎಲ್ಲಿಂದ ಬಂತೆಂಬುದನ್ನು ವಿಜ್ಞಾನ ಹೇಳಬಲ್ಲದು. ಅಜ್ಜಿ ಏಕೆ ಸುಮ್ಮನಾದಳೆಂಬುದನ್ನು ಹೇಳಲಾರದು. ನನ್ನ ದೃಷ್ಟಿಯಲ್ಲಿ ನೋವು ದಾಟುವ ದಾರಿಗಳು ಕಣ್ಣಿಗೆ ಕಾಣುವಂಥವೇ ಆಗಿವೆ: ಸಾಲ, ದಾಖಲೆಯಿಲ್ಲದಿರುವಿಕೆ ಮತ್ತು ಮೌನ. ರಕ್ತದ ಮಾತಿಗೆ ಮನಸೋತರೆ ಈ ಮೂರನ್ನೂ ಮನುಷ್ಯರು ತಡೆಯಬಲ್ಲರೆಂಬ ಸತ್ಯ ಮರೆಯಾಗುತ್ತದೆ.

ಮೊದಲು ಸಾಲವನ್ನು ನೋಡೋಣ. ತಪ್ಪಿಸಿಕೊಂಡು ಬಂದವನಿಗೆ ಕಾಡಿನಲ್ಲಿ ಪ್ರಾಣ ದಕ್ಕಿತೇ ಹೊರತು ಭೂಮಿ ದಕ್ಕಲಿಲ್ಲ. ಅಡಿಕೆ ತೋಟಗಳಲ್ಲಿ ಮುಂಗಡ ಪಡೆದು ದುಡಿಯುವುದು, ಆ ಮುಂಗಡ ತೀರುವ ಮೊದಲೇ ಮದುವೆಗೋ ಕಾಯಿಲೆಗೋ ಮತ್ತೊಂದು ಮುಂಗಡ ಪಡೆಯುವುದು ಅನೇಕ ಸಿದ್ದಿ ಕುಟುಂಬಗಳ ಬಾಳಾಯಿತು. ಕೊಲ್ಲಿಯ ಮುತ್ತಿನ ಉದ್ಯಮವೂ ಮುಂಗಡದ ಮೇಲೆಯೇ ನಿಂತಿತ್ತು. ಕಡಲಿಗೆ ಧುಮುಕುವ ಸ್ವತಂತ್ರ ಕೆಲಸಗಾರನೂ ದೋಣಿಯ ಒಡೆಯನಿಗೆ ಋಣಿಯಾಗಿರುತ್ತಿದ್ದ. ತಂದೆಯ ಸಾಲ ಮಗನ ತಲೆಗೆ ಬರುವ ರೂಢಿಯೂ ಇತ್ತು. ಬಹ್ರೇನ್‌ನಲ್ಲಿ 1920ರ ದಶಕದಲ್ಲಿ ನಡೆದ ಸುಧಾರಣೆಗಳು ಈ ಪದ್ಧತಿಯನ್ನೇ ಗುರಿಯಾಗಿಸಿಕೊಂಡಿದ್ದವು. ಭಾರತದಲ್ಲಿ ಜೀತ ಪದ್ಧತಿಯ ನಿಷೇಧ ಕಾಯ್ದೆ ಬಂದದ್ದು 1976ರಲ್ಲಿ. ಕಾಯ್ದೆ ಹಳೆಯ ಸಾಲವನ್ನು ಅಳಿಸಬಲ್ಲದು. ಸಾಲ ಕೊಟ್ಟವನ ಎದುರು ದನಿಯೆತ್ತಬಾರದೆಂಬ ಪಾಠ ಮಾತ್ರ ಮನೆಯೊಳಗೆ ಉಳಿದುಬಿಡುತ್ತದೆ.

ಅಡಗಿಕೊಂಡವರಿಗೆ ದಾಖಲೆ ಎಲ್ಲಿಯದು?

ಎರಡನೆಯದು ದಾಖಲೆಯ ಪ್ರಶ್ನೆ. ಇದು ಇಂದಿಗೂ ಜೀವಂತವಾಗಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಲ್ಲಿ ನೆಲೆಸಿರುವವರ ಹಕ್ಕನ್ನು ಮಾನ್ಯ ಮಾಡುವಾಗ ಎರಡು ಅಳತೆಗಳನ್ನು ಬಳಸುತ್ತದೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೂ ಮೊದಲು ಆ ಭೂಮಿಯ ಸ್ವಾಧೀನದಲ್ಲಿದ್ದುದನ್ನು ತೋರಿಸಬೇಕು. ಇತರ ಪಾರಂಪರಿಕ ಅರಣ್ಯವಾಸಿಗಳಾದರೆ ಆ ದಿನಾಂಕಕ್ಕೂ ಹಿಂದಿನ ಮೂರು ತಲೆಮಾರುಗಳ ವಾಸವನ್ನು ರುಜುವಾತುಪಡಿಸಬೇಕು. ಒಂದು ತಲೆಮಾರಿಗೆ 25 ವರ್ಷದಂತೆ ಒಟ್ಟು 75 ವರ್ಷ. ಉತ್ತರ ಕನ್ನಡದಲ್ಲಿ ದೊಡ್ಡ ಸಂಖ್ಯೆಯ ಅರ್ಜಿಗಳು ಈ ಎರಡನೆಯ ಅಳತೆಗೆ ಎಡವಿ ತಿರಸ್ಕೃತವಾಗಿವೆ.

ಈ ಕಾರಣದಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಹೆಸರು ಸೇರುವುದು ಸಿದ್ದಿಗಳಿಗೆ ಮೀಸಲಾತಿಗಿಂತ ಮಿಗಿಲಾದ ವಿಷಯವಾಗಿತ್ತು. ಉತ್ತರ ಕನ್ನಡದ ಸಿದ್ದಿಗಳು ಆ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದೇ ಮೂಲದ, ಅದೇ ನೆಂಟಸ್ತಿಕೆಯ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸಲು 2020ರವರೆಗೆ ಕಾಯಬೇಕಾಯಿತು. ಅಂದರೆ ಜಿಲ್ಲೆಯ ಗಡಿಗೆರೆಯ ಈ ಬದಿಯ ಅಣ್ಣನಿಗೆ ಒಂದು ಅಳತೆ, ಆ ಬದಿಯ ತಮ್ಮನಿಗೆ ಇನ್ನೊಂದು ಅಳತೆ ಎಂಬ ಸ್ಥಿತಿ 2020ರವರೆಗೂ ಇತ್ತು. ಯಾರ ಕಣ್ಣಿಗೂ ಬೀಳದಂತೆ ಬದುಕಿದ್ದರಿಂದಲೇ ಜೀವ ಉಳಿಸಿಕೊಂಡ ಜನರ ಮೊಮ್ಮಕ್ಕಳಿಗೆ, 'ನೀವು ಇಲ್ಲಿದ್ದಿರೆಂಬುದಕ್ಕೆ ಕಾಗದ ತನ್ನಿ' ಎಂದು ಕೇಳುವ ಕಠೋರತೆ ಇದರಲ್ಲಿತ್ತು.

ಆದರೆ ಅದೇ ಕಾಯ್ದೆಯ ನಿಯಮಗಳಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಸಾಕ್ಷ್ಯವೆಂದು ಒಪ್ಪಬಹುದಾದವುಗಳಲ್ಲಿ ಅರ್ಜಿದಾರರಲ್ಲದ ಹಿರಿಯರು ಹೇಳಿ, ಬರಹಕ್ಕಿಳಿಸಿದ ಹೇಳಿಕೆಯೂ ಸೇರಿದೆ. ಹಿರಿಯರ ಮಾತಿಗೆ ಕಾನೂನು ಬೆಲೆ ಕಟ್ಟಿದೆ ಎಂದೇ ಇದರ ಅರ್ಥ. ಎಷ್ಟೋ ವರ್ಷ ಅದುಮಿಟ್ಟ ನೆನಪು ಒಮ್ಮೆ ಬಾಯಿಗೆ ಬಂದು, ಕಾಗದದ ಮೇಲೆ ಇಳಿದು, ಗ್ರಾಮಸಭೆಯ ಎದುರು ಬಂದರೆ ಅದು ಭೂಮಿಯ ಹಕ್ಕಿಗೆ ಆಧಾರವಾಗಬಲ್ಲದು. ಹೇಳದೆ ಸತ್ತ ಅಜ್ಜಿಯೊಂದಿಗೆ ಕಳೆದುಹೋಗುವುದು ಕಥೆಯೊಂದೇ ಅಲ್ಲ. ಒಮ್ಮೊಮ್ಮೆ ಗುಂಟೆಗಳ ಲೆಕ್ಕದ ಆಸ್ತಿಯೂ ಹೋಗುತ್ತದೆ.

ಚೇತರಿಕೆ ಎಲ್ಲಿಂದ ಬಂತು?

ಸಿದ್ದಿಗಳ ಕಥೆಯನ್ನು ನೋವಿನ ಕಥೆಯಾಗಿ ಮಾತ್ರ ಹೇಳಿದರೆ ಅವರಿಗೆ ಅನ್ಯಾಯ ಮಾಡಿದಂತೆ. ಹಿಂದೂ, ಕ್ರೈಸ್ತ, ಮುಸ್ಲಿಂ ಎಂಬ ಮೂರು ಧರ್ಮಗಳಲ್ಲಿ ಹಂಚಿಹೋಗಿಯೂ ಅವರು ತಮ್ಮನ್ನು ಒಂದೇ ಸಮುದಾಯವೆಂದು ಕಂಡುಕೊಂಡಿದ್ದಾರೆ. 2011ರ ಜನಗಣತಿಯಲ್ಲಿ ರಾಜ್ಯದ ಸಿದ್ದಿಗಳ ಸಂಖ್ಯೆ ಹತ್ತು ಸಾವಿರಕ್ಕೆ ತುಸು ಮಿಗಿಲು. ಇಷ್ಟು ಚಿಕ್ಕ ಜನಸಮೂಹ ದಮಾಮದ ಬಡಿತವನ್ನೂ ಕುಣಿತವನ್ನೂ ಉಳಿಸಿಕೊಂಡಿದೆ. ಇಲ್ಲಿನ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಸೇರಿಸಿ ಹೊಲಿಯುವ ಕವಂದಿ ಇಂದು ವಿದೇಶದ ಪ್ರದರ್ಶನಗಳಲ್ಲೂ ಕಾಣಸಿಗುತ್ತದೆ. ಹೊರ ಅಂಚಿನಿಂದ ಒಳಮುಖವಾಗಿ ಹೊಲಿದು ಮುಗಿಸಿದ ಮೇಲೆ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ 'ಫೂಲ' ಇಡುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬರಿಮೈಯಂತೆ. ಇದ್ದುದರಲ್ಲೇ ಬೆಚ್ಚಗಿರುವುದರ ಜೊತೆಗೆ ಚೆಂದವಾಗಿಯೂ ಇರಬೇಕೆಂಬ ಹಟ ಅದರಲ್ಲಿದೆ.

1980ರ ದಶಕದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ನಡೆದ ರಂಗಪ್ರಯೋಗವೊಂದನ್ನೂ ಇಲ್ಲಿ ನೆನೆಯಬೇಕು. ನೈಜೀರಿಯಾದ ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯನ್ನು ಆಧರಿಸಿದ 'ಕಪ್ಪು ಜನ ಕೆಂಪು ನೆರಳು' ನಾಟಕವನ್ನು ನೀನಾಸಂನ ಚಿದಂಬರರಾವ್ ಜಂಬೆ ಸಿದ್ದಿಗಳಿಂದಲೇ ಆಡಿಸಿದರು. ತಮ್ಮ ಮೈಬಣ್ಣಕ್ಕಾಗಿ ಹಂಗಿಸಿಕೊಂಡವರು ಅದೇ ಮೈಬಣ್ಣದ ಜನರ ಗಾಂಭೀರ್ಯದ ಕಥೆಯನ್ನು ಕನ್ನಡದಲ್ಲಿ, ತಮ್ಮೂರಿನವರ ಎದುರು ಅಭಿನಯಿಸಿದರು. ಮುಂದೆ ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿ ಅವರಂಥ ಕಲಾವಿದರನ್ನು ಕನ್ನಡ ರಂಗಭೂಮಿ ಮತ್ತು ಚಿತ್ರರಂಗ ಕಂಡಿತು. ಅರಣ್ಯವಾಸಿಗಳ ಹಕ್ಕಿಗಾಗಿ ಕೆಲಸ ಮಾಡಿದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ರಾಜ್ಯದ ಶಾಸನಸಭೆ ಪ್ರವೇಶಿಸಿದ ಮೊದಲ ಸಿದ್ದಿಯಾದರು.

ಇದಕ್ಕೆ ಎದುರಾದ ಪಾಠವೂ ಒಂದಿದೆ. 1980ರ ದಶಕದ ಉತ್ತರಾರ್ಧದಲ್ಲಿ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆಯ ಹೊಣೆ ಹೊತ್ತಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಎಸೆತಗಳಲ್ಲಿ ತರಬೇತಿ ನೀಡಲಾಯಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ, 1990ರ ದಶಕದ ಆರಂಭದಲ್ಲಿ ಯೋಜನೆ ನಿಂತುಹೋಯಿತು. ಮಕ್ಕಳು ಊರಿಗೆ ಮರಳಿದರು. ಮೇಲಿನಿಂದ ಬಂದ ನೆರವು ಮೇಲಿನವರ ಮನಸ್ಸು ಬದಲಾದಾಗ ಹೋಯಿತು. ಕವಂದಿಯೂ ದಮಾಮವೂ ಉಳಿದವು. ಚೇತರಿಕೆ ಬಾಳಬೇಕಾದರೆ ಅದರ ಒಂದು ಬೇರಾದರೂ ಸಮುದಾಯದ ಕೈಯಲ್ಲೇ ಇರಬೇಕೆಂದು ಇದರಿಂದ ತೋರುತ್ತದೆ. ಹೊರಗಿನ ನೆರವು ಬೇಡವೆಂದಲ್ಲ. ಅದು ನಡುದಾರಿಯಲ್ಲಿ ಕೈಬಿಟ್ಟರೆ ಹಳೆಯ ಗಾಯದ ಮೇಲೆ ಹೊಸದೊಂದು ಬೀಳುತ್ತದೆ.

ಕೊಲ್ಲಿಗೆ ಹೊರಟವರ ಮನೆಗಳಿಗೆ

ಈಗ ಈ ವಿಚಾರವನ್ನು ಬರ್ವಾ ಅಲ್ ಬರಾಹಾದಂಥ ವಸತಿಗಳಲ್ಲಿರುವ ನಮ್ಮವರಿಗೆ ಹೊಂದಿಸಿ ನೋಡೋಣ. ಕತಾರ್‌ನ ಕಾನೂನು ಕಳೆದ ದಶಕದಲ್ಲಿ ಬಹಳ ಬದಲಾಗಿದೆ. 2020ರ ಸುಧಾರಣೆಗಳ ನಂತರ, ನೋಟಿಸ್ ಅವಧಿಯ ನಿಯಮ ಪಾಲಿಸಿದರೆ ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರವಿಲ್ಲದೆ ಕೆಲಸ ಬದಲಾಯಿಸಬಹುದು. 2021ರ ಮಾರ್ಚ್‌ನಿಂದ ಕನಿಷ್ಠ ಮೂಲ ವೇತನ ತಿಂಗಳಿಗೆ 1,000 ರಿಯಾಲ್. ಮಾಲೀಕ ಊಟ ಕೊಡದಿದ್ದರೆ 300, ವಸತಿ ಕೊಡದಿದ್ದರೆ 500 ರಿಯಾಲ್ ಹೆಚ್ಚುವರಿಯಾಗಿ ಸಲ್ಲಬೇಕು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಿನಲ್ಲಿ ದುಡಿಸುವಂತಿಲ್ಲ. ಕಾರ್ಮಿಕನ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದು ಕಾನೂನುಬಾಹಿರ. ಇವೆಲ್ಲ ಕಾಗದದ ಮೇಲಿನ ದೊಡ್ಡ ಹೆಜ್ಜೆಗಳು. ಕಾಗದದಿಂದ ಕೋಣೆಯವರೆಗಿನ ದೂರವನ್ನು ಕ್ರಮಿಸಬೇಕಾದವನು ಮಾತ್ರ ದೂರು ಕೊಡಬಲ್ಲ ಕಾರ್ಮಿಕನೇ.

ದೂರು ಕೊಡದಂತೆ ಅವನ ಬಾಯಿ ಕಟ್ಟುವುದು ಬಹುಪಾಲು ಊರಿನಲ್ಲಿ ಮಾಡಿದ ಸಾಲ. ಭಾರತದ ನಿಯಮದಂತೆ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಇದಕ್ಕಿಂತ ಎಷ್ಟೋ ಪಟ್ಟು ಹಣವನ್ನು ರಸೀದಿಯಿಲ್ಲದೆ ಕೊಟ್ಟು ಬಂದವರನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ಬಡ್ಡಿ ಬೆಳೆಯುತ್ತಿರುವವನಿಗೆ ಕೆಲಸ ಬದಲಾಯಿಸುವ ಹಕ್ಕಿದ್ದೂ ಇಲ್ಲದಂತೆ. ಒಂದು ತಿಂಗಳ ಸಂಬಳ ತಪ್ಪಿದರೆ ಊರಿನಲ್ಲಿ ತಾಯಿಯ ಬಳೆ ಅಡವಿಗೆ ಹೋಗುತ್ತದೆಂಬ ಭಯ ಅವನನ್ನು ಅನ್ಯಾಯದ ಎದುರು ತಲೆ ತಗ್ಗಿಸುವಂತೆ ಮಾಡುತ್ತದೆ. ಆ ಸಾಲ ತೀರದೆ ಉಳಿದರೆ ತಮ್ಮನೋ ಮಗನೋ ಅದೇ ಏಜೆಂಟನ ಬಾಗಿಲಿಗೆ ಹೋಗುತ್ತಾನೆ. ಮುತ್ತಿನ ದೋಣಿಯ ಹಾಗೂ ಅಡಿಕೆ ತೋಟದ ಹಳೆಯ ಲೆಕ್ಕದ ನೆರಳು ಇಲ್ಲಿಯೂ ಬೀಳುವುದು ಹೀಗೆ.

1983ರ ವಲಸೆ ಕಾಯ್ದೆಯ ಬದಲಿಗೆ ಹೊಸ ಕಾಯ್ದೆಯನ್ನು ತರುವ ಕರಡು ಮಸೂದೆಯನ್ನು ಕೇಂದ್ರ ವಿದೇಶಾಂಗ ಸಚಿವಾಲಯ 2025ರಲ್ಲಿ ಪ್ರಕಟಿಸಿದೆ. ಹೊಸ ಕಾನೂನು ಏನನ್ನೇ ಹೇಳಲಿ, ಅದನ್ನು ಅಳೆಯುವ ಕೋಲು ಒಂದೇ ಇರಬೇಕು: ಕಾರ್ಮಿಕ ಸಾಲವಿಲ್ಲದೆ ವಿಮಾನ ಹತ್ತುವಂತೆ ಅದು ಮಾಡುತ್ತದೆಯೇ? ವಂಚಿಸಿದ ಏಜೆಂಟನಿಂದ ಹಣ ಮರಳಿಸುವ ಸುಲಭ ದಾರಿ ತಾಲ್ಲೂಕು ಮಟ್ಟದಲ್ಲಿ ಸಿಗುತ್ತದೆಯೇ? ದೆಹಲಿಯಲ್ಲಿ ಇರುವ ಪರಿಹಾರ ಮುಂಡಗೋಡದ ತಾಯಿಗೆ ಇಲ್ಲದಂತೆಯೇ.

ಹೊರಡಲು ಸಿದ್ಧರಾದವರು ಕಾನೂನಿಗಾಗಿ ಕಾಯಬೇಕಿಲ್ಲ. ಏಜೆಂಟನ ನೋಂದಣಿಯನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಕರಾರಿನ ಪ್ರತಿ, ಪಾಸ್‌ಪೋರ್ಟಿನ ಪ್ರತಿ, ವಿಮೆಯ ಪತ್ರಗಳನ್ನು ಮನೆಯವರ ಕೈಗೆ ಕೊಟ್ಟು ಹೊರಡಿ. ಹತ್ತನೆಯ ತರಗತಿ ಮುಗಿಸದೆ ವಲಸೆ ಅನುಮತಿ ಪಡೆದು ಬರುವವರಿಗೆ ಕಡ್ಡಾಯವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ ಹಾಗೂ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿಯ ರಕ್ಷಣೆಯಿದೆ. ಪತ್ರ ಎಲ್ಲಿದೆಯೆಂದು ಮನೆಯವರಿಗೆ ತಿಳಿಯದಿದ್ದರೆ ಅದು ಇದ್ದೂ ಪ್ರಯೋಜನವಿಲ್ಲ. ದೋಹಾದಲ್ಲಿ ಭಾರತೀಯ ರಾಯಭಾರ ಕಚೇರಿಯ ಅಧೀನದ ಇಂಡಿಯನ್ ಕಮ್ಯುನಿಟಿ ಬೆನವಲೆಂಟ್ ಫೋರಂ ಇದೆ, ಕರ್ನಾಟಕ ಸಂಘವಿದೆ. ಅವುಗಳ ಸಂಪರ್ಕವನ್ನು ಕಷ್ಟ ಬಂದ ಮೇಲೆ ಹುಡುಕುವುದಕ್ಕಿಂತ ಬಂದ ವಾರದಲ್ಲೇ ಬರೆದಿಟ್ಟುಕೊಳ್ಳುವುದು ಮೇಲು.

ಊರಿನಲ್ಲಿರುವ ಬಂಧುಗಳಿಗೆ ನನ್ನ ಮಾತು ಇನ್ನೊಂದು ಬಗೆಯದು. ಫೋನಿನಲ್ಲಿ 'ಎಲ್ಲ ಆರಾಮ' ಎಂಬ ಉತ್ತರ ಬಂದಾಗ ಅಲ್ಲಿಗೇ ನಿಲ್ಲಬೇಡಿ. ಈ ತಿಂಗಳು ಸಂಬಳ ಯಾವ ದಿನ ಬಂತು, ಪಾಸ್‌ಪೋರ್ಟ್ ಯಾರ ಬಳಿ ಇದೆ, ಕೋಣೆಯಲ್ಲಿ ಎಷ್ಟು ಜನ, ಮೈಗೆ ಹುಷಾರಿದೆಯೇ ಎಂದು ಬಿಡಿಬಿಡಿಯಾಗಿ ಕೇಳಿ. ಹಣ ಕಡಿಮೆ ಬಂದರೆ ಕಾರಣ ಕೇಳುವ ಮುನ್ನ 'ನಿಭಾಯಿಸುತ್ತೇವೆ' ಎಂದು ಹೇಳಿ. ಈ ಒಂದು ಮಾತಿನ ಭರವಸೆಯಿದ್ದವನು ತಪ್ಪನ್ನು ಎದುರಿಸಬಲ್ಲ. ಮರಳಿ ಬಂದವರನ್ನು ಕೂರಿಸಿಕೊಂಡು ಮಕ್ಕಳ ಎದುರಿಗೇ ಅಲ್ಲಿನ ದುಡಿಮೆಯ ಕಥೆ ಹೇಳಿಸಿ. ಕಷ್ಟವನ್ನು ಮಕ್ಕಳಿಗೆ ಹೇಳಿದರೆ ಅವರು ಕುಗ್ಗುತ್ತಾರೆಂಬ ಅಳುಕು ಸಹಜ. ಆದರೆ ಕಾರಣ ತಿಳಿಯದ ತಂದೆಯ ಸಿಟ್ಟು, ಕಾರಣ ತಿಳಿಯದ ತಾಯಿಯ ಕಣ್ಣೀರು ಮಗುವನ್ನು ಕುಗ್ಗಿಸುವಷ್ಟು, ತಿಳಿದ ಸತ್ಯ ಕುಗ್ಗಿಸುವುದಿಲ್ಲ. ಒಜಿಬ್ವೆ ಕುಟುಂಬಗಳ ಮಕ್ಕಳು ದಶಕಗಳ ನಂತರ ಆಯೋಗದ ಎದುರು ತಂದೆತಾಯಂದಿರ ಸಾಕ್ಷ್ಯವನ್ನು ಕೇಳಿಸಿಕೊಂಡಾಗ ಅನೇಕರಿಗೆ ತಮ್ಮ ಬಾಲ್ಯದ ಅರ್ಥ ಹೊಳೆಯಿತು. ನಾವು ಅಷ್ಟು ಕಾಲ ಕಾಯಬೇಕಾದ ಅಗತ್ಯವಿಲ್ಲ.

ಸಿದ್ದಿ ಕುಟುಂಬಗಳ ಹಿರಿಯರಲ್ಲಿ ಹಳೆಯದನ್ನು ನೆನೆಯಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳುವ, ಬರೆದಿಡುವ ಕೆಲಸವನ್ನು ಜಿಲ್ಲೆಯ ಕಾಲೇಜುಗಳೂ ವಿಶ್ವವಿದ್ಯಾಲಯಗಳೂ ಸಮುದಾಯದ ಯುವಜನರೊಡನೆ ಕೂಡಿ ಕೈಗೆತ್ತಿಕೊಂಡರೆ ಅದು ಇತಿಹಾಸಕ್ಕೂ ಆದೀತು, ಭೂಮಿಯ ಅರ್ಜಿಗೂ ಆದೀತು. ಕೊಲ್ಲಿಯಲ್ಲಿ ದುಡಿದ ಮೊದಲ ತಲೆಮಾರಿನ ಕನ್ನಡಿಗರ ನೆನಪುಗಳಿಗೂ ಇದೇ ಮಾತು ಸಲ್ಲುತ್ತದೆ. ಇಂದು ಬರ್ವಾ ಅಲ್ ಬರಾಹಾದ ಮಂಚದಡಿಯ ಪೆಟ್ಟಿಗೆಯಲ್ಲಿರುವ ಕರಾರುಪತ್ರ, ಸಂಬಳದ ಚೀಟಿ, ಆಸ್ಪತ್ರೆಯ ಕಾಗದಗಳೆಲ್ಲ ಮೂರು ತಲೆಮಾರಿನ ಮುಂದೆ ಯಾರೋ ಕೇಳಬಹುದಾದ ದಾಖಲೆಗಳು. ಅವನ್ನು ಜೋಪಾನವಾಗಿಡಿ, ಅವುಗಳ ಹಿಂದಿನ ಕಥೆಯನ್ನು ಮನೆಯ ಮಕ್ಕಳಿಗೆ ಈಗಲೇ ಹೇಳಿ.